ಹಸುವಿನ ಡಾಕ್ಟರ ಕ್ಯಾನು, ಚರ್ಮದ ಡಾಕ್ಟರ ಕ್ಯಾನು

ನಮ್ಮೂರಿನ ಪಶು ಆಸ್ಪತ್ರೆಯ ಮೂಲೆಯಲ್ಲಿ ದಪ್ಪ ಹೊಟ್ಟೆಯ ಅಲ್ಯೂಮಿನಿಯಂ ಕ್ಯಾನೊಂದು ಇರುತ್ತಿತ್ತು. ಹಸು ಬೆದೆಗೆ ಬಂದಾಗ ಅಪ್ಪನ ಜೊತೆ ನಾನೂ ಹೋಗುತ್ತಿದ್ದೆ. ಡಾಕ್ಟರು ಮುಚ್ಚಳ ತೆಗೆದ ಕೂಡಲೇ ಬಿಳಿ ಹೊಗೆ ಉಕ್ಕುತ್ತಿತ್ತು. ಅದು ಮೇಲೆ ಹೋಗುತ್ತಿರಲಿಲ್ಲ, ಕ್ಯಾನಿನ ಮೈಮೇಲೆ ಇಳಿದು ನೆಲದಲ್ಲಿ ಹರಡುತ್ತಿತ್ತು. ಇಕ್ಕಳದಲ್ಲಿ ಹೋರಿಯ ವೀರ್ಯ ತುಂಬಿದ ಒಂದು ತೆಳ್ಳನೆಯ ಸ್ಟ್ರಾ ಎತ್ತಿ ಥಟ್ಟನೆ ಬೆಚ್ಚಗಿನ ನೀರಿಗೆ ಅದ್ದುತ್ತಿದ್ದರು. ಅರ್ಧ ನಿಮಿಷ, ಅಷ್ಟೇ. ಒಂಬತ್ತು ತಿಂಗಳು ಕಳೆದರೆ ಕೊಟ್ಟಿಗೆಯಲ್ಲಿ ಕರು.

ಆ ಕ್ಯಾನಿನಲ್ಲಿ ಇದ್ದದ್ದು ದ್ರವ ನೈಟ್ರೋಜನ್. ಮೈನಸ್ 196 ಡಿಗ್ರಿ ಸೆಲ್ಸಿಯಸ್.

ಹೋದ ವರ್ಷ ನನ್ನ ಬಲಗೈ ಹೆಬ್ಬೆರಳ ಪಕ್ಕದಲ್ಲಿ ನರಹುಲಿ ಎದ್ದಿತು. ಚರ್ಮದ ಡಾಕ್ಟರ ಹತ್ತಿರ ಹೋದರೆ ಅಲ್ಲೂ ಅಂಥದ್ದೇ ಕ್ಯಾನು, ಅದೇ ಹೊಗೆ! ಡಾಕ್ಟರಮ್ಮ ಅದರಿಂದ ಒಂದು ಚಿಕ್ಕ ಸ್ಪ್ರೇ ಫ್ಲಾಸ್ಕ್‌ಗೆ ತುಂಬಿಕೊಂಡು ನರಹುಲಿಯ ಮೇಲೆ ಬಿಟ್ಟರು. ತಣ್ಣಗಾಗಲಿಲ್ಲ, ಉರಿಯಿತು. ಕೆಂಡ ಇಟ್ಟ ಹಾಗೆ. ಕಣ್ಣೆದುರೇ ಆ ಜಾಗ ಸುಣ್ಣದ ಹಾಗೆ ಬೆಳ್ಳಗಾಗಿ, ಮುಟ್ಟಿದರೆ ಕಲ್ಲು. 'ತಾನಾಗೇ ಕರಗಲಿ, ಉಜ್ಜಬೇಡಿ' ಅಂದರು. ಪೂರ್ತಿ ಕರಗಿದ ಮೇಲೆ ಮತ್ತೊಂದು ಸಲ ಬಿಟ್ಟರು. ಮರುದಿನ ಬೊಬ್ಬೆ ಎದ್ದಿತು, ಎರಡು ವಾರದಲ್ಲಿ ಹಕ್ಕಳೆ ಕಟ್ಟಿ ಉದುರಿತು. ನರಹುಲಿ ಹೋಯಿತು.

ಒಂದೇ ಚಳಿ. ಅಲ್ಲಿ ಜೀವವನ್ನು ವರ್ಷಗಟ್ಟಲೆ ಕಾಯುತ್ತದೆ, ಇಲ್ಲಿ ಸೆಕೆಂಡುಗಳಲ್ಲಿ ಕೊಲ್ಲುತ್ತದೆ. ಹೇಗೆ?

ಉತ್ತರ ಇರುವುದು ನೀರಿನಲ್ಲಿ. ನಮ್ಮ ಜೀವಕೋಶ ಅಂದರೆ ಹೆಚ್ಚೂಕಮ್ಮಿ ಒಂದು ನೀರಿನ ಚೀಲ. ನಿಧಾನವಾಗಿ ತಣಿದರೆ ಮೊದಲು ಹೆಪ್ಪುಗಟ್ಟುವುದು ಕೋಶದ ಹೊರಗಿನ ನೀರು. ಮಂಜುಗಡ್ಡೆ ಉಪ್ಪನ್ನು ತನ್ನೊಳಗೆ ಸೇರಿಸಿಕೊಳ್ಳುವುದಿಲ್ಲ. ಹಾಗಾಗಿ ಉಳಿದ ನೀರು ಗಟ್ಟಿ ಉಪ್ಪುನೀರಾಗುತ್ತದೆ. ಉಪ್ಪಿನಕಾಯಿಗೆ ನಿಂಬೆಹೋಳು ಉಪ್ಪು ಹಾಕಿಟ್ಟರೆ ನೀರು ಬಿಟ್ಟುಕೊಳ್ಳುತ್ತದಲ್ಲ, ಕೋಶವೂ ಹಾಗೇ ನೀರು ಬಿಟ್ಟು ಸುಕ್ಕಾಗುತ್ತದೆ. ವೇಗವಾಗಿ ತಣಿಸಿದರೋ, ನೀರಿಗೆ ಹೊರಗೆ ಬರಲು ಪುರುಸೊತ್ತೇ ಇಲ್ಲ. ಕೋಶದ ಒಳಗೇ ಹರಳು ಕಟ್ಟಿ ಎಲ್ಲವನ್ನೂ ಸೀಳುತ್ತದೆ.

ಆದರೆ ಜಾಸ್ತಿ ಹಾನಿ ಆಗುವುದು ಕರಗುವಾಗ. ನಿಧಾನವಾಗಿ ಕರಗಿದರೆ ಸಣ್ಣ ಹರಳುಗಳು ಒಂದಕ್ಕೊಂದು ಸೇರಿ ದೊಡ್ಡವಾಗುತ್ತವೆ. ಪಶು ಡಾಕ್ಟರು ಬೆಚ್ಚನೆ ನೀರಿಗೆ ಯಾಕೆ ಅದ್ದುತ್ತಿದ್ದರು ಅಂತ ಈಗ ಅರ್ಥವಾಯಿತು ನನಗೆ. ಆ ಅರ್ಧ ನಿಮಿಷದ ಅವಸರ ವೀರ್ಯಾಣುವನ್ನು ಉಳಿಸುತ್ತದೆ. ಚರ್ಮದ ಡಾಕ್ಟರು 'ತಾನಾಗೇ ಕರಗಲಿ' ಅಂದದ್ದು ನರಹುಲಿಯ ಕೋಶ ಉಳಿಯಬಾರದು ಅಂತಲೇ. ಇನ್ನೊಂದು ವ್ಯತ್ಯಾಸವೂ ಇದೆ. ಸ್ಟ್ರಾದಲ್ಲಿ ಗ್ಲಿಸರಾಲ್ ಬೆರೆಸಿರುತ್ತಾರೆ, ಅದು ಹರಳಿನ ಹೊಡೆತ ತಗ್ಗಿಸುತ್ತದೆ. 1949ರಲ್ಲಿ ಇಂಗ್ಲೆಂಡಿನ ಕ್ರಿಸ್ಟೋಫರ್ ಪೋಲ್ಜ್ ಮತ್ತು ಜೊತೆಗಾರರು ಕಂಡುಕೊಂಡದ್ದು ಇದನ್ನೇ. ನರಹುಲಿಗೆ ಆ ಕಾವಲು ಇಲ್ಲ. ಸಾಲದ್ದಕ್ಕೆ, ಹೆಪ್ಪುಗಟ್ಟಿ ಕರಗಿದ ಜಾಗದ ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುತ್ತವೆ. ಚಳಿಯಿಂದ ತಪ್ಪಿಸಿಕೊಂಡ ಕೋಶವೂ ಆಮೇಲೆ ರಕ್ತವಿಲ್ಲದೆ ಸಾಯುತ್ತದೆ.

ಈ ಚಿಕಿತ್ಸೆ ಶುರುವಾದದ್ದು ದ್ರವ ನೈಟ್ರೋಜನ್ ಬರುವುದಕ್ಕೂ ಎಷ್ಟೋ ಮೊದಲು. ಕುಲ್ಫಿಯವನು ಗಡಿಗೆಯಲ್ಲಿ ಐಸ್ ಪುಡಿಗೆ ಉಪ್ಪು ಸೇರಿಸುತ್ತಾನಲ್ಲ, 19ನೇ ಶತಮಾನದ ನಡುವೆ ಇಂಗ್ಲೆಂಡಿನ ಡಾಕ್ಟರ್ ಜೇಮ್ಸ್ ಆರ್ನಾಟ್ ಮಾಡಿದ್ದೂ ಅದನ್ನೇ. ಆ ಮಿಶ್ರಣ ಸುಮಾರು ಮೈನಸ್ 20 ಡಿಗ್ರಿಗೆ ಇಳಿಯುತ್ತದೆ. ಸ್ತನದ ಮತ್ತು ಗರ್ಭಕೋಶದ ಕೊಳೆತ ಗಡ್ಡೆಗಳಿಗೆ ಅದನ್ನಿಟ್ಟು ನೋವು, ಸ್ರಾವ ಕಡಿಮೆ ಮಾಡಿದರು. ತಮ್ಮ ಉಪಕರಣವನ್ನು 1851ರ ಲಂಡನ್ ಮಹಾಪ್ರದರ್ಶನದಲ್ಲೂ ಇಟ್ಟಿದ್ದರು. ಗಡ್ಡೆ ವಾಸಿಯಾಗಲಿಲ್ಲ ನಿಜ, ಆದರೆ ನೋವಿಗೆ ಹೆಚ್ಚು ದಾರಿಗಳಿಲ್ಲದ ಕಾಲದಲ್ಲಿ ಅದು ಸಣ್ಣ ಉಪಕಾರವಲ್ಲ. 1899ರಲ್ಲಿ ನ್ಯೂಯಾರ್ಕಿನ ಕ್ಯಾಂಪ್‌ಬೆಲ್ ವೈಟ್ ದ್ರವ ಗಾಳಿಯನ್ನು ಚರ್ಮರೋಗಕ್ಕೆ ಬಳಸಿದರು. ದ್ರವ ನೈಟ್ರೋಜನ್ ಬಂದದ್ದು ಎರಡನೇ ಮಹಾಯುದ್ಧದ ನಂತರ.

1961ರ ಹೊತ್ತಿಗೆ ನ್ಯೂಯಾರ್ಕಿನ ಮೆದುಳು ಸರ್ಜನ್ ಇರ್ವಿಂಗ್ ಕೂಪರ್ ತುದಿ ಮಾತ್ರ ತಣಿಯುವ ಕೊಳವೆ ಮಾಡಿಸಿದರು. ಪಾರ್ಕಿನ್ಸನ್ ಕಾಯಿಲೆಯವರ ಕೈ ನಡುಕಕ್ಕೆ. ರೋಗಿ ಎಚ್ಚರವಾಗೇ ಮಲಗಿರುತ್ತಿದ್ದರು. ಮೆದುಳಿನ ಆಳದ ಥಲಾಮಸ್‌ನಲ್ಲಿ ಒಂದು ಬಿಂದುವನ್ನು ಮೊದಲು ಸ್ವಲ್ಪವೇ ತಣಿಸುವುದು. ಅಷ್ಟಕ್ಕೆ ನರಕೋಶ ಸಾಯುವುದಿಲ್ಲ, ಸುಮ್ನೆ ಮಂಕಾಗುತ್ತದೆ. ನಡುಕ ನಿಂತಿತೇ? ಮಾತು ಸರಿಯಿದೆಯೇ? ಕೈಯಲ್ಲಿ ಬಲ ಇದೆಯೇ? ಏನಾದರೂ ಎಡವಟ್ಟಾದರೆ ಬೆಚ್ಚಗೆ ಮಾಡಿ ವಾಪಸ್ ಬರಬಹುದು. ಎಲ್ಲ ಸರಿ ಅನಿಸಿದರೆ ಮಾತ್ರ ಹೆಪ್ಪುಗಟ್ಟಿಸುವುದು. ಕತ್ತಿಗೆ ಈ ಗುಣ ಇಲ್ಲ ಅಲ್ವಾ? ಕೊಯ್ದದ್ದು ಕೊಯ್ದದ್ದೇ. ಪಾರ್ಕಿನ್ಸನ್‌ಗೆ ಎಲ್-ಡೋಪಾ ಎಂಬ ಮಾತ್ರೆ ಬಂದ ಮೇಲೆ ಆ ಆಪರೇಷನ್ ಹಿಂದೆ ಸರಿಯಿತು. ಆದರೆ ಹೃದಯದ ಬಡಿತ ತಪ್ಪಿಸುವ ಜಾಗಗಳನ್ನು ಚಳಿಯಿಂದ ಸರಿಪಡಿಸುವಾಗ ಈ ಮುನ್ನೋಟದ ಉಪಾಯ ಇವತ್ತಿಗೂ ಬಳಕೆಯಲ್ಲಿದೆ.

ಇದಕ್ಕೂ ಮಿತಿಗಳಿವೆ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ತುಂಬ ಸೂಕ್ಷ್ಮ, ಸೊನ್ನೆಗಿಂತ ಐದಾರು ಡಿಗ್ರಿ ಕೆಳಗಿಳಿದರೆ ಸಾಕು, ಸಾಯುತ್ತವೆ. ಕ್ಯಾನ್ಸರ್ ಕೋಶ ಖಂಡಿತ ಸಾಯಬೇಕಾದರೆ ಮೈನಸ್ 40ರವರೆಗೂ ಹೋಗಬೇಕು. ನಮ್ಮಂಥ ಕಂದು ಮೈಬಣ್ಣದವರಿಗೆ ಆ ಜಾಗ ಬೆಳ್ಳಗೆ ಉಳಿಯುವುದು ಬಣ್ಣದ ಕೋಶ ಬೇಗ ಸಾಯುವುದರಿಂದಲೇ. ನನ್ನ ಹೆಬ್ಬೆರಳ ಪಕ್ಕ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆ ಈಗಲೂ ಇದೆ. ಮುಟ್ಟಿದರೆ ಮಾತ್ರ ನುಣುಪು, ಯಾಕೆಂದರೆ ಚರ್ಮದ ಚೌಕಟ್ಟಾದ ಕೊಲಾಜೆನ್ ಚಳಿಗೆ ಜಗ್ಗುವುದಿಲ್ಲ. ಅನುಮಾನದ ಕರಿಮಚ್ಚೆಯನ್ನಂತೂ ಪರೀಕ್ಷೆ ಇಲ್ಲದೆ ಹೆಪ್ಪುಗಟ್ಟಿಸಬಾರದು. ಸತ್ತು ಉದುರಿದ್ದನ್ನು ಲ್ಯಾಬಿಗೆ ಕಳಿಸಲಾಗದು.

ನನ್ನ ಮನಸ್ಸಿಗೆ ತೀರಾ ಹತ್ತಿರವಾದದ್ದು ತಮಿಳುನಾಡಿನ ದಿಂಡಿಗಲ್‌ನ ಕೆಲಸ. 2000ದಿಂದ 2003ರವರೆಗೆ ಅಲ್ಲಿನ ಹಳ್ಳಿಗಳಲ್ಲಿ 30ರಿಂದ 59 ವಯಸ್ಸಿನ ಸುಮಾರು 31 ಸಾವಿರ ಹೆಂಗಸರ ತಪಾಸಣೆ ನಡೆಯಿತು. ತರಬೇತಿ ಪಡೆದ ನರ್ಸ್‌ಗಳು ಗರ್ಭಕೋಶದ ಕೊರಳಿಗೆ ತೆಳು ಅಸಿಟಿಕ್ ಆಮ್ಲ ಹಚ್ಚಿ ಬೆಳ್ಳಗಾದ ಜಾಗ ನೋಡಿದರು. ಕ್ಯಾನ್ಸರ್ ಆಗುವ ಮುಂಚಿನ ಬದಲಾವಣೆ ಕಂಡರೆ ತಾವೇ ಹೆಪ್ಪುಗಟ್ಟಿಸಿದರು. ಈ ಚಿಕಿತ್ಸೆಯ ಸಾಮಾನ್ಯ ಕ್ರಮ ಮೂರು ನಿಮಿಷ ಚಳಿ, ಐದು ನಿಮಿಷ ಬಿಡುವು, ಮತ್ತೆ ಮೂರು ನಿಮಿಷ ಚಳಿ. ಮೈ ಮರೆಸುವ ಮದ್ದು ಬೇಡ, ಆಪರೇಷನ್ ಥಿಯೇಟರ್ ಬೇಡ. ತಪಾಸಣೆ ನಡೆಯದ ಹಳ್ಳಿಗಳಿಗೆ ಹೋಲಿಸಿದರೆ ಈ ಕ್ಯಾನ್ಸರಿನ ಸಾವು ಅಲ್ಲಿ ಶೇ. 35ರಷ್ಟು ಇಳಿಯಿತು.

ಈ ಚಳಿಗೆ ಬೇಕಾದ ಗ್ಯಾಸ್ ಸಿಲಿಂಡರನ್ನು ಹಳ್ಳಿ ಹಳ್ಳಿಗೆ ಹೊರುವುದು ಕಷ್ಟ. ಹಾಗಾಗಿ ಬ್ಯಾಟರಿಯಿಂದ ನಡೆಯುವ, ಬಿಸಿಯಿಂದ ಸುಡುವ ಪುಟ್ಟ ಸಾಧನವನ್ನೂ ಬಳಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಚಳಿಯೋ ಬಿಸಿಯೋ, ಆಗಲಿ. ಒಂದು ದಿನದ ಕೂಲಿ ಬಿಟ್ಟು ಬಂದ ಹೆಂಗಸು ಅವತ್ತೇ ಚಿಕಿತ್ಸೆ ಮುಗಿಸಿಕೊಂಡು ಸಂಜೆ ಬಸ್ಸಿಗೆ ಮನೆ ಸೇರಬೇಕು.