ಮ್ಯಾರಥಾನ್ ತಯಾರಿಗೆ ಒಂದು ಜೊತೆ ಶೂ ಸಾಕಾ, ಎರಡು ಬೇಕಾ?

ಪ್ರಶ್ನೆ: ನಾನು ಮೈಸೂರಿನವನು. ಜನವರಿಯ ಮುಂಬೈ ಮ್ಯಾರಥಾನ್‌ಗೆ ತಯಾರಿ ಶುರು ಮಾಡಿದ್ದೇನೆ. ಇದು ನನ್ನ ಮೊದಲ ಫುಲ್ ಮ್ಯಾರಥಾನ್. ನಮ್ಮ ಗುಂಪಿನವರು ಎರಡು ಮೂರು ಜೊತೆ ಶೂ ಇಟ್ಟುಕೊಂಡು ಬದಲಾಯಿಸಿ ಹಾಕುತ್ತಾರೆ. ಇದು ನಿಜವಾಗಿ ಬೇಕಾ? ಒಂದೇ ಒಳ್ಳೆಯ ಜೊತೆ ಸಾಕಾಗಲ್ವಾ?

ಉತ್ತರ: ಎರಡು ಜೊತೆ ಇಟ್ಟುಕೊಳ್ಳಿ. ಮೊದಲ ಮ್ಯಾರಥಾನ್‌ಗೆ ಮೂರನೆಯದು ಬೇಕಿಲ್ಲ. ಎರಡು ಅಂದ ತಕ್ಷಣ ಖರ್ಚು ದುಪ್ಪಟ್ಟು ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿದರೆ ಹಾಗಲ್ಲ.

ರನ್ನಿಂಗ್ ಶೂ ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಬಾಳಿಕೆ ಬರುತ್ತದೆ. ನಿಮ್ಮ ತೂಕ, ಹೆಜ್ಜೆ ಇಡುವ ರೀತಿ, ಓಡುವ ನೆಲದ ಮೇಲೆ ಇದು ಹೆಚ್ಚು ಕಡಿಮೆ ಆಗುತ್ತದೆ. 16 ವಾರದ ತಯಾರಿಯಲ್ಲಿ ವಾರಕ್ಕೆ ಸರಾಸರಿ 45 ಕಿ.ಮೀ. ಓಡಿದರೆ ಒಟ್ಟು 720 ಕಿ.ಮೀ. ಆಯಿತು. ಅಂದರೆ ಒಂದೇ ಜೊತೆ ಇದ್ದರೆ ಅದು ಸವೆದು ಹೋಗುವುದು ಸರಿಯಾಗಿ ರೇಸ್ ಹತ್ತಿರ ಬಂದಾಗ. ಆಗ ಹೊಸದು ಕೊಳ್ಳಲೇಬೇಕು, ಕಾಲಿಗೆ ಒಗ್ಗಿಸಿಕೊಳ್ಳಲು ಸಮಯ ಇರುವುದಿಲ್ಲ. ಹೇಗಿದ್ದರೂ ಖರ್ಚಾಗುವ ಆ ದುಡ್ಡನ್ನೇ ಎರಡು ತಿಂಗಳು ಮೊದಲು ಖರ್ಚು ಮಾಡಿ ಅಂತ ನಾನು ಹೇಳುತ್ತಿರುವುದು. ನೀವು ಓಡುವ ದೂರ ಅಷ್ಟೇ ಇರುತ್ತದೆ, ಸವೆತ ಮಾತ್ರ ಎರಡಕ್ಕೂ ಹಂಚಿಹೋಗುತ್ತದೆ.

ದುಡ್ಡಿಗಿಂತ ದೊಡ್ಡ ಕಾರಣ ಗಾಯ. ಲಕ್ಸೆಂಬರ್ಗ್‌ನ ಸಂಶೋಧಕರು ಹವ್ಯಾಸಿ ಓಟಗಾರರು 264 ಮಂದಿಯನ್ನು 22 ವಾರ ಗಮನಿಸಿದ್ದರು. ಒಂದಕ್ಕಿಂತ ಹೆಚ್ಚು ಜೊತೆ ಬದಲಾಯಿಸಿ ಹಾಕುತ್ತಿದ್ದವರಿಗೆ ಗಾಯದ ಅಪಾಯ 39% ಕಡಿಮೆ ಇತ್ತು. ಶೂ ಬದಲಾಯಿಸಿದ್ದೇ ಇದಕ್ಕೆ ಕಾರಣ ಅಂತ ಆ ಒಂದು ಅಧ್ಯಯನದಿಂದ ಹೇಳಲು ಬರುವುದಿಲ್ಲ. ಆದರೂ ಅದರ ಹಿಂದಿನ ತರ್ಕ ನನಗೆ ಒಪ್ಪಿಗೆಯಾಗುತ್ತದೆ. ಒಂದೇ ಶೂನಲ್ಲಿ ಸಾವಿರಾರು ಹೆಜ್ಜೆ ಹಾಕಿದಾಗ ಒಂದೇ ಜಾಗಕ್ಕೆ ಮತ್ತೆ ಮತ್ತೆ ಒತ್ತಡ ಬೀಳುತ್ತದೆ. ಶೂ ಬೇರೆಯಾದರೆ ಆ ಭಾರ ಸ್ವಲ್ಪ ಬೇರೆ ಕಡೆ ಹಂಚಿಹೋಗುತ್ತದೆ.

ಹಾಗಾಗಿ ಒಂದೇ ಮಾಡೆಲ್‌ನ ಎರಡು ಜೊತೆ ಬೇಡ, ಸ್ವಲ್ಪ ಬೇರೆ ಬೇರೆ ಇರಲಿ. ಒಂದು ದಪ್ಪ ಮೆತ್ತೆಯದು, ನಿಧಾನದ ಓಟಕ್ಕೆ ಮತ್ತು ಹೆಚ್ಚಿನ ಲಾಂಗ್ ರನ್‌ಗಳಿಗೆ. ಇನ್ನೊಂದು ಸ್ವಲ್ಪ ಹಗುರ, ಟೆಂಪೊ (ಒಂದೇ ಸಮನೆ ಜೋರಾಗಿ ಓಡುವುದು) ಮತ್ತು ಇಂಟರ್ವಲ್ (ಬಿಟ್ಟು ಬಿಟ್ಟು ವೇಗವಾಗಿ ಓಡುವುದು) ದಿನಗಳಿಗೆ. ರೇಸ್‌ಗೂ ಇದೇ ಆಗುತ್ತದೆ. ಆರಿಸುವಾಗ ಡ್ರಾಪ್ ಕೂಡ ನೋಡಿ; ಶೂನ ಅಟ್ಟೆ ಹಿಮ್ಮಡಿಯ ಕೆಳಗೆ ಮತ್ತು ಮುಂಗಾಲಿನ ಕೆಳಗೆ ಇರುವ ಎತ್ತರದ ವ್ಯತ್ಯಾಸಕ್ಕೆ ಹಾಗನ್ನುತ್ತಾರೆ. 10 ಮಿ.ಮೀ. ಡ್ರಾಪ್‌ನಿಂದ ಒಮ್ಮೆಲೇ 4ಕ್ಕೆ ಇಳಿದರೆ ಮೀನಖಂಡ ಮತ್ತು ಹಿಮ್ಮಡಿಯ ಹಿಂದಿನ ಸ್ನಾಯುರಜ್ಜಿಗೆ (ಅಕಿಲಿಸ್) ಭಾರ ಜಾಸ್ತಿಯಾಗುತ್ತದೆ. ತಯಾರಿಯ ಮಧ್ಯೆ ಅಷ್ಟು ದೊಡ್ಡ ಬದಲಾವಣೆ ಬೇಡ.

ಅಟ್ಟೆಯೊಳಗೆ ಗಟ್ಟಿ ಕಾರ್ಬನ್ ಹಾಳೆ ಇರುವ ಕಾರ್ಬನ್ ಪ್ಲೇಟ್ ಶೂ ಬಗ್ಗೆಯೂ ನಿಮ್ಮ ಗುಂಪಿನಲ್ಲಿ ಮಾತು ಬಂದೇ ಇರುತ್ತದೆ. ಅದರಿಂದ ವೇಗ ಸಿಗುತ್ತದೆ ಅನ್ನುವುದು ನಿಜ. ಆದರೆ ಬೆಲೆ ಹೆಚ್ಚು, ಆಯಸ್ಸು ಕಡಿಮೆ, ನಿಧಾನವಾಗಿ ಓಡುವಾಗ ಹಲವರಿಗೆ ಕಾಲು ಅಲುಗಾಡಿದ ಹಾಗಾಗುತ್ತದೆ. ಇಂಥ ಶೂ ಬಳಸಿದ ಐವರು ಓಟಗಾರರಿಗೆ ಪಾದದ ನ್ಯಾವಿಕ್ಯುಲರ್ ಮೂಳೆಗೆ ಒತ್ತಡದಿಂದ ಗಾಯವಾದ ಬಗ್ಗೆ 2023ರಲ್ಲಿ ವೈದ್ಯರು ವರದಿ ಮಾಡಿದ್ದಾರೆ. ಐದೇ ಪ್ರಕರಣ ನೋಡಿ ಹೆದರಬೇಕಿಲ್ಲ. ಆದರೆ ಮೊದಲ ಮ್ಯಾರಥಾನ್‌ನಲ್ಲಿ ಗುರಿ ಮುಟ್ಟುವುದೇ ಮುಖ್ಯ, ಅಲ್ವಾ? ಆ ದುಡ್ಡಿಗೆ ಎರಡು ಸಾಧಾರಣ ಒಳ್ಳೆಯ ಜೊತೆ ಬರಬಹುದು. ನಾನಂತೂ ಅದನ್ನೇ ಆರಿಸುತ್ತೇನೆ.

ಅಂಗಡಿಯಲ್ಲಿ ಒದ್ದೆ ಪಾದದ ಗುರುತು ನೋಡಿ ‘ನಿಮ್ಮದು ಚಪ್ಪಟೆ ಪಾದ, ಈ ಶೂನೇ ಬೇಕು’ ಅಂದರೆ ತಕ್ಷಣ ಒಪ್ಪಬೇಡಿ. ಅಮೆರಿಕದ ಸೇನೆಯಲ್ಲಿ ಹೊಸಬರಿಗೆ ಪಾದದ ಆಕಾರ ನೋಡಿ ಶೂ ಕೊಟ್ಟು ಪರೀಕ್ಷಿಸಿದ್ದಾರೆ. ಅದರಿಂದ ಗಾಯಗಳೇನೂ ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಹಾಕಿಕೊಂಡು ಓಡಿದಾಗ ಹಿತವಾಗಿದೆಯಾ ಅನ್ನುವುದೇ ನಂಬಬಹುದಾದ ಅಳತೆ. ಸಂಜೆ ಹೋಗಿ, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ನೀವು ಓಡುವಾಗ ಹಾಕುವ ಸಾಕ್ಸ್‌ನಲ್ಲೇ ನೋಡಿ. ಉದ್ದದ ಬೆರಳಿನ ಮುಂದೆ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಓಡಿ ಇಳಿದವರಿಗೆ ಗೊತ್ತು, ಬಿಗಿ ಶೂನಲ್ಲಿ ಬೆರಳು ಮುಂದಕ್ಕೆ ಗುದ್ದಿ ಉಗುರು ಕಪ್ಪಾಗುತ್ತದೆ. ‘ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ’ ಅನ್ನುವ ಶೂ ಬಿಟ್ಟುಬಿಡಿ.

ಎರಡನ್ನೂ ಒಂದೇ ದಿನ ಶುರು ಮಾಡಬೇಡಿ, ಎರಡೂ ಒಟ್ಟಿಗೇ ಸವೆಯುತ್ತವೆ. ಮೊದಲನೆಯದರಲ್ಲಿ 200 ಕಿ.ಮೀ. ಆದ ಮೇಲೆ ಎರಡನೆಯದನ್ನು ತನ್ನಿ. ಮೊದಲು ನಾಲ್ಕೈದು ಕಿ.ಮೀ.ಯ ಸಣ್ಣ ಓಟಗಳಿಗೆ ಹಾಕಿ. ಆಮೇಲೆ ವಾರದಲ್ಲಿ ಒಂದೆರಡು ದಿನ ಅದು, ಉಳಿದ ದಿನ ಹಳೆಯದು. ಹೀಗೆ ಮಾಡಿದರೆ ರೇಸ್ ಹೊತ್ತಿಗೆ ಹಳೆಯದು 500ರ ಹತ್ತಿರ ಇರುತ್ತದೆ, ಹೊಸದು 200ರ ಆಸುಪಾಸು. ಯಾವುದರಲ್ಲಿ ಎಷ್ಟು ಓಡಿದಿರಿ ಅನ್ನುವುದನ್ನು ಸ್ಟ್ರಾವಾ ಆ್ಯಪ್‌ನಲ್ಲಿ ಬರೆದಿಡಬಹುದು, ಡೈರಿಯೂ ಸಾಕು.

ಶೂ ಮುಗಿಯಿತು ಅಂತ ತಿಳಿಯಲು ಅಡಿಯ ರಬ್ಬರ್ ಮಾತ್ರ ನೋಡಿದರೆ ಸಾಲದು. ರಬ್ಬರ್ ಚೆನ್ನಾಗಿದ್ದರೂ ಒಳಗಿನ ಫೋಮ್ ಸತ್ತಿರಬಹುದು. ಪಕ್ಕದಲ್ಲಿ ಆಳವಾದ ಸುಕ್ಕು ಬಿದ್ದಿದೆಯಾ ನೋಡಿ. ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ, ಒಂದು ಕಡೆ ವಾಲಿದೆಯಾ? ಮಾಮೂಲಿ ನಿಧಾನದ ಓಟದ ಮರುದಿನ ಮೊಣಕಾಲು ಅಥವಾ ಮೊಣಕಾಲ ಕೆಳಗಿನ ಮೂಳೆ ನೋಯಲು ಶುರುವಾದರೆ ಮೊದಲು ಶೂನ ಕಿ.ಮೀ. ಲೆಕ್ಕ ನೋಡಿ. ಓಟಕ್ಕೆ ಆಗದ ಶೂ ವಾಕಿಂಗ್‌ಗೆ ಆಗುತ್ತದೆ.

ನಿಮ್ಮೂರಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಜೋರು. ಒದ್ದೆಯಾದ ಶೂ ಒಂದೇ ರಾತ್ರಿಯಲ್ಲಿ ಒಣಗುವುದು ಕಷ್ಟ. ಒಳ ಅಟ್ಟೆ ತೆಗೆದು, ನ್ಯೂಸ್‌ಪೇಪರ್ ತುರುಕಿ, ಫ್ಯಾನ್ ಕೆಳಗಿಡಿ. ಬಿರುಬಿಸಿಲು ಬೇಡ, ಹೇರ್ ಡ್ರೈಯರ್ ಅಂತೂ ಬೇಡವೇ ಬೇಡ. ಬಿಸಿಗೆ ಅಂಟು ಬಿಡುತ್ತದೆ.

ಮುಂಬೈನಲ್ಲಿ ಜನವರಿಯಲ್ಲೂ ಸೆಖೆ ಇರುತ್ತದೆ. ತಲೆಗೆ ಸುರಿದುಕೊಂಡ ನೀರು ಇಳಿದು ಸೇರುವುದು ಶೂ ಒಳಗೇ. ಒದ್ದೆ ಸಾಕ್ಸ್‌ನಲ್ಲಿ ಬೊಬ್ಬೆ ಏಳಲು ಹೆಚ್ಚು ಹೊತ್ತು ಬೇಡ, ಪೆಡ್ಡರ್ ರೋಡ್‌ನ ಏರು ಬೇರೆ ಓಟದ ಕೊನೆಯ ಭಾಗದಲ್ಲಿ ಬರುತ್ತದೆ. ಹಾಗಾಗಿ ರೇಸ್‌ಗೆ ಮೂರು ನಾಲ್ಕು ವಾರ ಇರುವಾಗ ಒಂದು ಲಾಂಗ್ ರನ್ ಅನ್ನು ರೇಸ್‌ನ ಶೂ, ರೇಸ್‌ನ ಸಾಕ್ಸ್‌ನಲ್ಲೇ ಓಡಿ. ಹತ್ತು ಕಿ.ಮೀ. ಆದ ಮೇಲೆ ತಲೆಗೆ ನೀರು ಸುರಿದುಕೊಳ್ಳಿ, ಉಳಿದ ದೂರ ಹಾಗೇ ಮುಗಿಸಿ. ಎಲ್ಲಾದರೂ ಉಜ್ಜಿದರೆ ಮೊದಲು ಸಾಕ್ಸ್ ಬದಲಾಯಿಸಿ ನೋಡಿ. ಹತ್ತಿಯದು ಹಾಕಿದ್ದರೆ ಸಿಂಥೆಟಿಕ್‌ಗೆ ಬನ್ನಿ. ಆಗಲೂ ಉಜ್ಜುತ್ತಿದ್ದರೆ ಹಳೆಯ ಜೊತೆಯಲ್ಲೇ ರೇಸ್ ಓಡಿ, 500 ಕಿ.ಮೀ. ಆಗಿದ್ದರೂ ಪರವಾಗಿಲ್ಲ.