ಗುಲಾಬಿ ಬಣ್ಣ ಕಂಡ ಕೂಡಲೇ ರಕ್ತವೆಂದು ಬರೆಯಬೇಡಿ

ಪಿಯುಸಿ ಫಲಿತಾಂಶ ಬಂದ ಮೇಲೆ ಗದಗ, ರೋಣ, ರಾಣೆಬೆನ್ನೂರು ಕಡೆಯ ಪಾಲಕರು ನನ್ನನ್ನು ಕೇಳುವ ಪ್ರಶ್ನೆ ಬಹುತೇಕ ಒಂದೇ: "ಸರ್, ಫೊರೆನ್ಸಿಕ್ ಓದಿದರೆ ನಮ್ಮ ಮಗಳು ಹೆಣ ಕೊಯ್ಯಬೇಕಾಗುತ್ತದೆಯೇ?" ಇಲ್ಲ. ಮರಣೋತ್ತರ ಪರೀಕ್ಷೆ ವೈದ್ಯರ ಕೆಲಸ, ಅದಕ್ಕೆ ಎಂಬಿಬಿಎಸ್ ಓದಬೇಕು. ವಿಧಿವಿಜ್ಞಾನ, ಅಂದರೆ ಫೊರೆನ್ಸಿಕ್, ಓದಿದವರ ಮೇಜಿಗೆ ಬರುವುದು ಆ ವೈದ್ಯರು ಮೊಹರು ಹಾಕಿ ಕಳಿಸಿದ ಜಾಡಿ.

ಧಾರವಾಡದವರು ಈ ಓದಿಗೆ ದೂರ ಹೋಗಬೇಕಿಲ್ಲ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗವಿದೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಧಾರವಾಡ ಕ್ಯಾಂಪಸ್‌ಗೆ 2023ರ ಜನವರಿ 28ರಂದು ಶಂಕುಸ್ಥಾಪನೆಯಾಯಿತು. ಬೇಡಿಕೆಗೆ ಕಾನೂನಿನ ಒತ್ತಾಸೆಯೂ ಇದೆ: ಅಪರಾಧಗಳ ತನಿಖೆ, ವಿಚಾರಣೆ ಹೇಗೆ ನಡೆಯಬೇಕೆಂದು ಹೇಳುವ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಮಿನ ಪ್ರಕಾರ, ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆ ಇರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕು. ಇದನ್ನು ಜಾರಿಗೊಳಿಸಲು ರಾಜ್ಯಗಳಿಗೆ ಐದು ವರ್ಷಗಳವರೆಗೆ ಅವಕಾಶವಿದೆ. ಕಾನೂನು ಬಂದಷ್ಟು ಬೇಗ ಹುದ್ದೆಗಳು ಬರುವುದಿಲ್ಲ ಎಂಬುದನ್ನೂ ಪಾಲಕರಿಗೆ ಹೇಳಿಬಿಡುತ್ತೇನೆ.

ಓದಿನ ಒಳಗೆ ಏನಿದೆ? ಟಿವಿ ಧಾರಾವಾಹಿ ನೋಡಿ ಸೇರಿದವರಿಗೆ ಮೊದಲ ಸೆಮಿಸ್ಟರ್ ಬೇಸರ ತರುತ್ತದೆ. ಕಲೆ ರಕ್ತದ್ದಿರಬಹುದೇ ಎಂದು ಮೊದಲು ನೋಡುವ ಕ್ಯಾಸ್ಟಲ್-ಮೇಯರ್ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಕಲೆಯಿಂದ ಒರೆಸಿ ತೆಗೆದ ಹತ್ತಿಗೆ ಮೊದಲು ಫಿನಾಲ್ಫ್ಥಲಿನ್ ದ್ರಾವಣದ ಹನಿ, ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್. ಗುಲಾಬಿ ಬಣ್ಣ ಬಂದೊಡನೆ ಹುಡುಗರು ಪುಸ್ತಕದಲ್ಲಿ "ರಕ್ತ" ಎಂದು ಬರೆದುಬಿಡುತ್ತಾರೆ. ಹಸಿ ಮೂಲಂಗಿ, ಆಲೂಗಡ್ಡೆಯ ರಸವೂ ಅದೇ ಬಣ್ಣ ಕೊಡಬಲ್ಲದು. ಅವುಗಳಲ್ಲಿ ಅದೇ ರಾಸಾಯನಿಕ ಕ್ರಿಯೆ ನಡೆಸುವ ಪೆರಾಕ್ಸಿಡೇಸ್ ಕಿಣ್ವವಿದೆ. ಕಾಯಿಸಿದರೆ ಆ ಕಿಣ್ವ ಕೆಡುತ್ತದೆ, ರಕ್ತದಲ್ಲಿ ಈ ಬಣ್ಣ ತರಿಸುವ ಹೀಮ್ ಎಂಬ ಅಂಶ ಅಷ್ಟು ಸುಲಭವಾಗಿ ಕೆಡುವುದಿಲ್ಲ. ಪೆರಾಕ್ಸೈಡ್ ಹಾಕುವ ಮೊದಲೇ ಬಣ್ಣ ತಿರುಗಿದರೆ ಅಲ್ಲಿ ತಾಮ್ರದ ಲವಣದಂತಹ ಬೇರೇನೋ ಇದೆ ಎಂದು ಅನುಮಾನಿಸಬೇಕು. ಹನಿಗಳ ಕ್ರಮ ತಪ್ಪಿದರೆ ಈ ಸುಳಿವೇ ಸಿಗದು. ಎಲ್ಲ ಸರಿಯಾಗಿದ್ದರೂ ಬರೆಯಬೇಕಾದದ್ದು "ರಕ್ತವಿರಬಹುದೆಂಬ ಸೂಚನೆ ಇದೆ" ಎಂದಷ್ಟೇ. ರಕ್ತವೇ ಎಂದು ಹೇಳಲು ಟಕಯಾಮ ಪರೀಕ್ಷೆಯ ಹರಳುಗಳು ಸೂಕ್ಷ್ಮದರ್ಶಕದಲ್ಲಿ ಕಾಣಬೇಕು. ಮನುಷ್ಯನದೋ ಕುರಿಯದೋ ಎಂಬುದಕ್ಕೆ ಬೇರೆ ಪರೀಕ್ಷೆ, ಯಾರದು ಎಂಬುದಕ್ಕೆ ಡಿಎನ್‌ಎ. ಎಷ್ಟು ಗೊತ್ತಾಗಿದೆಯೋ ಅಷ್ಟನ್ನೇ ಬರೆಯುವುದನ್ನು ರೂಢಿ ಮಾಡಿಸಲು ನನಗೆ ಉಪಕರಣ ಕಲಿಸುವುದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ.

ಹತ್ತಿ, ಮೆಣಸಿನಕಾಯಿ ಬೆಳೆಯುವ ನಮ್ಮ ಸೀಮೆಯಲ್ಲಿ ವಿಷಶಾಸ್ತ್ರಕ್ಕೆ ಬೇರೆಯೇ ತೂಕವಿದೆ. ಕೀಟನಾಶಕ ಸೇವನೆಯ ಶಂಕೆಯಿದ್ದರೆ ಜಠರ, ಸಣ್ಣ ಕರುಳು, ಯಕೃತ್ತು, ಮೂತ್ರಪಿಂಡದ ಭಾಗಗಳನ್ನು ಸಾಮಾನ್ಯವಾಗಿ ಪರ್ಯಾಪ್ತ ಉಪ್ಪಿನ ದ್ರಾವಣದಲ್ಲಿ ಕಳಿಸುತ್ತಾರೆ. ಜೊತೆಗೆ ಅದೇ ದ್ರಾವಣದ ಒಂದು ಬಾಟಲಿ ಬೇರೆಯಾಗಿ ಬರಬೇಕು. ಇಲ್ಲವಾದರೆ ವಿಷ ದ್ರಾವಣದಲ್ಲೇ ಇತ್ತೆಂಬ ವಾದಕ್ಕೆ ಉತ್ತರವಿರುವುದಿಲ್ಲ. ಪ್ರಯೋಗಾಲಯ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಇತ್ತು ಎನ್ನಬಹುದು. ಕುಡಿದರೋ ಕುಡಿಸಿದರೋ ಎನ್ನಲಾರದು. ಇನ್ನೂ ಸೂಕ್ಷ್ಮವಾದದ್ದು "ಪತ್ತೆಯಾಗಲಿಲ್ಲ" ಎಂಬ ಮಾತು. ಆಸ್ಪತ್ರೆಯಲ್ಲಿ ಹೊಟ್ಟೆ ತೊಳೆದು, ದಿನಗಟ್ಟಲೆ ಚಿಕಿತ್ಸೆ ನಡೆದ ಮೇಲೆ ಸತ್ತವರ ಒಳಾಂಗದಲ್ಲಿ ವಿಷ ಸಿಗದೇ ಇರಬಹುದು. ಅದನ್ನು "ವಿಷ ಸೇವಿಸಿಲ್ಲ" ಎಂದು ಓದುವವರು ಮನೆಯವರಲ್ಲೂ ಇದ್ದಾರೆ, ಠಾಣೆಗಳಲ್ಲೂ ಇದ್ದಾರೆ.

ಇಷ್ಟು ಎಚ್ಚರ ಏಕೆಂದರೆ, ಸರ್ಕಾರಿ ತಜ್ಞರ ವರದಿ ಹಲವು ಬಾರಿ ತಜ್ಞರನ್ನು ಕರೆಸದೆಯೇ ಸಾಕ್ಷ್ಯವಾಗುತ್ತದೆ. ಕಾಗದದ ಮೇಲಿನ ಮಾತನ್ನು ವಿವರಿಸಲು ಬರೆದವರು ನ್ಯಾಯಾಲಯದಲ್ಲಿರುವುದಿಲ್ಲ. ಕರೆಸಿದರೆ ಪಾಟೀ ಸವಾಲಿನಲ್ಲಿ ಒಂದೊಂದು ಪದವನ್ನೂ ಎಳೆಯುತ್ತಾರೆ.

ನನ್ನ ಮಟ್ಟಿಗೆ, ರಸಾಯನಶಾಸ್ತ್ರ ಅಥವಾ ಜೀವವಿಜ್ಞಾನದಲ್ಲಿ ಗಟ್ಟಿ ಬಿಎಸ್ಸಿ ಮುಗಿಸಿ ಎಂಎಸ್ಸಿಗೆ ವಿಧಿವಿಜ್ಞಾನ ಹಿಡಿಯುವುದು ಮೇಲು. ಕೆಲಸ ತಡವಾದರೂ ಔಷಧ, ಆಹಾರ ಪರೀಕ್ಷೆಯ ಪ್ರಯೋಗಾಲಯಗಳ ಬಾಗಿಲು ತೆರೆದಿರುತ್ತದೆ. ಎಲ್ಲಿಯೇ ಸೇರುವ ಮುನ್ನ ಒಮ್ಮೆ ವಿಭಾಗಕ್ಕೆ ಹೋಗಿ ಬನ್ನಿ. ವಾರಕ್ಕೆ ಎಷ್ಟು ಗಂಟೆ ಪ್ರಯೋಗವಿದೆ, ಮಿಶ್ರಣದ ರಾಸಾಯನಿಕಗಳನ್ನು ಬೇರ್ಪಡಿಸುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರವನ್ನು ವಿದ್ಯಾರ್ಥಿಗಳೇ ನಡೆಸುತ್ತಾರೆಯೇ, ಅಣಕು ನ್ಯಾಯಾಲಯ ನಡೆಯುತ್ತದೆಯೇ ಎಂದು ಕೇಳಿ. ಉತ್ತರವನ್ನು ಕಚೇರಿಯಲ್ಲಿ ಅಲ್ಲ, ಎರಡನೇ ವರ್ಷದ ವಿದ್ಯಾರ್ಥಿಗಳಿಂದ ಪಡೆಯಿರಿ.