ಕಲ್ ಬಕ್: ಹಿಂಡಿನಿಂದ ತೆಗೆಯುವ ಗಂಡು ಜಿಂಕೆ ಯಾವುದು?

ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ನಮ್ಮ ಕಡೆ ಮಾಡಗ್ಯಾಳ ಕುರಿ ಸಾಕುವವರು ಬಹಳ. ಈ ತಳಿಯ ಟಗರಿಗೆ ಸಾಮಾನ್ಯವಾಗಿ ಕೊಂಬೇ ಇರುವುದಿಲ್ಲ. ವಯಸ್ಸು ತಿಳಿಯಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು. ಬೀಜದ ಟಗರು ಯಾವುದು, ಸಂತೆಗೆ ಹೋಗುವುದು ಯಾವುದು ಎಂಬ ಮಾತು ಆಮೇಲೆ. "ಮೊದಲ ಹಲ್ಲ ನೋಡು, ಆಮ್ಯಾಲ ಮಾತಾಡು" ಎನ್ನುತ್ತಿದ್ದರು ನಮ್ಮ ಕಾಕಾ. ಅಮೆರಿಕದ ಜಿಂಕೆ ಬೇಟೆಗಾರರ 'ಕಲ್ ಬಕ್' ಎಂಬ ಪದ ಸಿಕ್ಕಾಗ ನನಗೆ ನೆನಪಾದದ್ದು ಕಾಕಾನ ಈ ಮಾತು.

'ಬಕ್' ಅಂದರೆ ಗಂಡು ಜಿಂಕೆ. 'ಕಲ್' ಅಂದರೆ ಹಿಂಡಿನಿಂದ ಆರಿಸಿ ತೆಗೆಯುವುದು. ಅಲ್ಲಿ ಬಿಳಿಬಾಲದ ಜಿಂಕೆಯನ್ನು ಲೈಸೆನ್ಸ್ ಪಡೆದು ಬೇಟೆಯಾಡಬಹುದು. ಅದಕ್ಕೆ 'ಹಾರ್ವೆಸ್ಟ್', ಅಂದರೆ ಕೊಯ್ಲು ಎನ್ನುತ್ತಾರೆ. ಚೆನ್ನಾಗಿ ಬಲಿತ ಮೇಲೂ ತನ್ನ ವಯಸ್ಸಿನ ಬೇರೆ ಗಂಡುಗಳಿಗಿಂತ ಕೊಂಬು ಚಿಕ್ಕದಾಗಿರುವ ಜಿಂಕೆಯೇ ಕಲ್ ಬಕ್. 'ತನ್ನ ವಯಸ್ಸಿನ' ಎಂಬುದನ್ನು ಬಿಟ್ಟರೆ ಈ ಪದಕ್ಕೆ ಅರ್ಥವೇ ಇಲ್ಲ. ಜನ ಮರೆಯುವುದೂ ಅದನ್ನೇ.

ಜಿಂಕೆಯ ಕೊಂಬು ಎಮ್ಮೆ ಕೊಂಬಿನ ಹಾಗಲ್ಲ. ಪ್ರತಿ ವರ್ಷ ಉದುರಿ ಹೊಸದಾಗಿ ಬೆಳೆಯುತ್ತದೆ. ವಯಸ್ಸು, ಮೇವು, ತಳಿಗುಣ ಮೂರೂ ಅದರ ಗಾತ್ರ ನಿರ್ಧರಿಸುತ್ತವೆ. ಒಂದೂವರೆ ವರ್ಷದ ಗಂಡಿಗೆ ಕೆಲವೊಮ್ಮೆ ಕವಲಿಲ್ಲದ ಮೊಳೆಯಂಥ ಕೊಂಬು ಬರುತ್ತದೆ. ಇದನ್ನು 'ಸ್ಪೈಕ್' ಎನ್ನುತ್ತಾರೆ. ಇದು ಕೆಟ್ಟ ತಳಿ, ಹೊಡೆದುಬಿಡಿ ಎಂಬ ನಂಬಿಕೆ ಬಹುಕಾಲ ಇತ್ತು. ಆದರೆ ಆ ಮರಿ ತಡವಾಗಿ ಹುಟ್ಟಿರಬಹುದು. ಆ ವರ್ಷ ಮಳೆ ಕೈಕೊಟ್ಟು ಮೇವು ಸಿಕ್ಕಿರಲಿಕ್ಕಿಲ್ಲ. ಮುಂದೆ ಅದಕ್ಕೇ ಒಳ್ಳೆಯ ಕವಲು ಒಡೆಯಬಹುದು. ವರ್ಷವರ್ಷ ಹೊಸದಾಗಿ ಬರುವ ಕೊಂಬು ಪೂರ್ತಿ ಗಾತ್ರ ಮುಟ್ಟಲು ಜಿಂಕೆಗೆ ಐದಾರು ವರ್ಷ ತುಂಬಬೇಕು. ಬರಗಾಲದಲ್ಲಿ ಸೊರಗಿದ ಕುರಿಮರಿ ನೋಡಿ ತಳಿಯೇ ಸರಿಯಿಲ್ಲ ಎಂದರೆ ನಮ್ಮ ಕುರಿಗಾರರು ಒಪ್ತಾರಾ?

ಕಾಡಿನಲ್ಲಿ ಬಾಯಿ ಬಿಡಿಸಿ ನೋಡಲು ಆಗಲ್ಲ. ದವಡೆ ಹಲ್ಲು ಬಂದ ರೀತಿ, ಸವೆದ ರೀತಿ ನೋಡಿ ಜಿಂಕೆಯ ವಯಸ್ಸು ಹೇಳುವ ಕ್ರಮವನ್ನು ಅಮೆರಿಕದ ವನ್ಯಜೀವಿ ತಜ್ಞ ಸೆವೆರಿಂಗ್‌ಹಾಸ್ 1949ರಲ್ಲಿ ಪ್ರಕಟಿಸಿದರು. ಅದು ಜಿಂಕೆ ಸತ್ತ ಮೇಲಿನ ಲೆಕ್ಕ. ಬದುಕಿದ್ದಾಗ ಮೈಕಟ್ಟೇ ಗುರುತು. ಎಳೆಯ ಗಂಡು ಕೊಂಬಿರುವ ಹೆಣ್ಣಿನ ಹಾಗೆ ಕಾಣುತ್ತದೆ. ಕುತ್ತಿಗೆ ಸಣ್ಣ, ಕಾಲು ಉದ್ದ. ಬಲಿತದ್ದರ ಎದೆ ಇಳಿದು ಕಾಲು ಗಿಡ್ಡ ಎನಿಸುತ್ತದೆ. ಬೆದೆಯ ಕಾಲದಲ್ಲಿ ಕುತ್ತಿಗೆ ದಪ್ಪವಾಗಿ ಎದೆಗೇ ಕೂಡಿಕೊಂಡಂತಿರುತ್ತದೆ. ಇನ್ನೂ ವಯಸ್ಸಾದರೆ ಬೆನ್ನು, ಹೊಟ್ಟೆ ಜೋಲುತ್ತವೆ.

ಇಷ್ಟೆಲ್ಲ ನೋಡಿ ಆರಿಸಿದರೆ ಹಿಂಡಿನ ತಳಿ ಸುಧಾರಿಸುತ್ತದಾ? ಟೆಕ್ಸಾಸಿನ ಕಮಾಂಚಿ ರಾಂಚ್ ಎಂಬ ದೊಡ್ಡ ಖಾಸಗಿ ಹುಲ್ಲುಗಾವಲಿನಲ್ಲಿ ವರ್ಷಗಟ್ಟಲೆ ಚಿಕ್ಕ ಕೊಂಬಿನವನ್ನು ತೆಗೆದು ನೋಡಿದರು. ತಳಿಯಲ್ಲಿ ಸುಧಾರಣೆ ಕಾಣಲಿಲ್ಲ. ಮರಿಯ ಅರ್ಧ ಗುಣ ತಾಯಿಯದು, ತಾಯಿಗೆ ಕೊಂಬೇ ಇಲ್ಲ ಅಲ್ವಾ, ಹೇಗೆ ಆರಿಸುವುದು? ಹಿಂಡು ಜಾಸ್ತಿಯಾಗಿ ಮೇವು ಸಾಲದಿದ್ದರೂ ಗಂಡನ್ನು ತೆಗೆದರೆ ಸಾಲದು. ಒಂದು ಗಂಡು ಹಲವು ಹೆಣ್ಣಿಗೆ ಸಾಕಾಗುವುದರಿಂದ ಸಂಖ್ಯೆ ಇಳಿಸಲು ಹೆಣ್ಣನ್ನೇ ತೆಗೆಯಬೇಕು. ಹೀಗಾಗಿ ಕಲ್ ಬಕ್ ಎಂಬುದಕ್ಕೆ ಉಳಿದ ನಿಜವಾದ ಕೆಲಸ ಚಿಕ್ಕದು: ಬಲಿತ ಒಂದನ್ನು ತೆಗೆದು, ಎಳೆಯದನ್ನು ಬೆಳೆಯಲು ಬಿಡುವುದು.

ಸೋಲಾಪುರದ ನಾನ್ನಜ್ ಬಯಲಿನ ಚಿಗರಿಗೆ, ಅಂದರೆ ಕೃಷ್ಣಮೃಗಕ್ಕೆ, ಈ ಪದ ತರಬೇಡಿ. 1972ರ ವನ್ಯಜೀವಿ ಕಾಯ್ದೆ ಅದರ ಬೇಟೆಯನ್ನು ನಿಷೇಧಿಸಿದೆ. ಚಿಗರಿ ಜಿಂಕೆಯ ಕುಲದ್ದೂ ಅಲ್ಲ, ಅದರ ಸುರುಳಿ ಕೊಂಬು ಉದುರುವುದೂ ಇಲ್ಲ.